ಮಾಸ್ತರು ಬರೆದ ಜನ್ಮದಿನ

2024ರಲ್ಲಿ ನಾನು ವೆಲ್ಲಿಂಗ್ಟನ್‌ನಲ್ಲಿ ನರ್ಸ್‌ಗಳಿಗೆ ಕೆಲಸ ಕೊಡಿಸುವ ರಿಕ್ರೂಟ್‌ಮೆಂಟ್ ಕನ್ಸಲ್ಟಂಟ್. ಮೈಸೂರಿನ ಸೀರೆ ಅಂಗಡಿಯಲ್ಲಿ ನಿಂತು ಮಾತು ಕಲಿತವನು. ಮೊದಲ ಆಫರ್‌ಗೇ ತಲೆಯಾಡಿಸಿದ್ದು ನೆನಪಿಲ್ಲ.

ಆ ವರ್ಷ ಗದಗಿನ ಕಡೆಯ ರೇಖಾ ಎಂಬ ನರ್ಸ್‌ಗೆ ದೂರದ ಟೌರಂಗಾ ಊರಿನ ವೃದ್ಧಾಶ್ರಮವೊಂದರಲ್ಲಿ ಮ್ಯಾನೇಜರ್ ಹುದ್ದೆ ಗಿಟ್ಟಿಸಿದ್ದೆ. ನಮ್ಮೂರಿನದೇ ಬಡಾವಣೆ ಜಾನ್ಸನ್‌ವಿಲ್‌ನಲ್ಲಿ ಎಂಟು ವರ್ಷ ಆಕೆ ಮಾಡಿದ್ದು ಪ್ಯಾಲಿಯೇಟಿವ್ ಕೇರ್. ಅಂದರೆ ವಾಸಿಯಾಗದವರನ್ನು ಕೊನೆಯವರೆಗೆ ನೋವಿಲ್ಲದಂತೆ ನೋಡಿಕೊಳ್ಳುವುದು. ಶುಕ್ರವಾರದೊಳಗೆ ಸಹಿ ಆಗಬೇಕು. ಗುರುವಾರ ಮಧ್ಯಾಹ್ನ ನನ್ನ ಆಫೀಸಿಗೆ ಬಂದವರು ಸಹಿ ಹಾಕದೆ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತುಬಿಟ್ಟರು.

ನಮ್ಮ ಪೇರೋಲ್ ನೋಡುವ ಲಿನ್ ಆಂಟಿ ಊಟದ ಬಿಡುವಿನಲ್ಲಿ ಚೀನೀ ಜಾತಕ ಬರೆಯುತ್ತಿದ್ದರು. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಒಂದೊಂದಕ್ಕೂ ಎರಡು ಅಕ್ಷರ. ಅದರಲ್ಲಿ ದಿನದ ಮೊದಲ ಅಕ್ಷರವೇ ನೀವು: ಮರ, ಬೆಂಕಿ, ಮಣ್ಣು, ಲೋಹ ಅಥವಾ ನೀರು. “ಭವಿಷ್ಯ ಹೇಳಲ್ಲ, ಕನ್ನಡಿ ಹಿಡೀತೀನಿ” ಅನ್ನುತ್ತಿದ್ದರು. ಸಹಿಗೆ ಅನುಕೂಲವಾದೀತೆಂದು ನಾನೇ ರೇಖಾರನ್ನು ಅವರ ಮುಂದೆ ಕೂರಿಸಿದೆ.

ರೇಖಾ ಪಾಸ್‌ಪೋರ್ಟ್‌ನ ತಾರೀಖು ಕೊಟ್ಟರು, ಜೂನ್ ಒಂದು. “ಬೇಸಿಗೆಯ ಬೆಂಕಿ! ಮುಂದೆ ನಿಂತು ನಡೆಸೋಳು ನೀನು. ನಾಲ್ಕು ಜನ ನಿನ್ನನ್ನ ನೋಡ್ತಿರಬೇಕು” ಎಂದರು ಲಿನ್.

“ನೋಡಮ್ಮ, ಚೀನಾದವರೂ ನನ್ನ ಕಡೆ!” ಎಂದೆ ನಾನು.

ರೇಖಾರ ಕಣ್ಣು ತುಂಬಿಕೊಂಡವು. “ಇಂಥಾಕಿ ಆಗು ಅಂತ ಎಲ್ಲಾರೂ ಹೇಳ್ತಾರ್ರೀ ಸರ. ಇಕಿ ನಾ ಅಲ್ಲ.” ಮರುಕ್ಷಣ ನಕ್ಕರು. “ಅಯ್ಯ, ತಾರೀಖೂ ನಂದಲ್ಲ! ಶಾಲೀಗೆ ವಯಸ್ಸು ಸಾಲಂಗಿಲ್ಲ ಅಂತ ಮಾಸ್ತರು ಬರ್ಕೊಂಡಿದ್ದು. ನಮ್ಮ ಕ್ಲಾಸಿನ್ಯಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟೇವಿ.”

ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಲಿನ್ ಪೆನ್ಸಿಲ್ ಕೆಳಗಿಟ್ಟರು. “ಮೇಷ್ಟ್ರಿಗೆ ಅಷ್ಟು ಅಧಿಕಾರವಾ?”

“ಬ್ರಹ್ಮನಕಿಂತ ಜಾಸ್ತಿ ಅಂತ ಹೇಳ್ರಿ ಅವರಿಗೆ.”

ರೇಖಾ ನಿಜವಾಗಿ ಹುಟ್ಟಿದ್ದು ನಾಗರ ಚೌತಿಯ ದಿನ, ಅವ್ವ ಹುತ್ತಕ್ಕೆ ಹಾಲೆರೆದು ಮನೆಗೆ ಬಂದ ಮೇಲೆ. ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿದೆ: ಆಗಸ್ಟ್ ಹದಿನಾರು. ಲಿನ್ ಹೊಸ ಹಾಳೆ ತೆಗೆದು ಬರೆದರು.

“ನೀರು. ಹೊಳೆಯಲ್ಲ, ಇಬ್ಬನಿ. ಸದ್ದಿಲ್ಲದೆ ಒಳಗಿಳಿಯೋದು. ಎಲ್ಲಿ ಇಳಿಯೋಕೆ ಇಷ್ಟ ನಿನಗೆ?”

ರೇಖಾ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. “ಹಾಸಿಗಿ ಬಾಜೂಕ ರೀ. ಕೈ ಹಿಡ್ಕೊಂಡ ಕೂತಿರ್ತೇನಿ. ಉಸಿರು ನಿಂತ ಮ್ಯಾಲೂ ಒಂದೀಟು ಹೊತ್ತು ಬಿಡಂಗಿಲ್ಲ. ಪಾಪ, ಹೊಸಾ ದಾರಿ ಅಲ್ಲೇನ್ರಿ ಅವರಿಗೆ.”

ಆಫರ್ ಪತ್ರ ನಾನೇ ವಾಪಸ್ ತೆಗೆದುಕೊಂಡೆ.

ಶುಕ್ರವಾರ ಟೌರಂಗಾಕ್ಕೆ ಮೂರು ಸಲ ಫೋನ್ ಮಾಡಿದೆ. “ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದರೆ ಈಕೆ ಆರು ತಿಂಗಳು ಇರಲ್ಲ, ಹಾಸಿಗೆ ಪಕ್ಕ ಬಿಡಿ, ಹೊಸಬರಿಗೆ ಅಲ್ಲೇ ಕಲಿಸ್ತಾರೆ” ಎಂದು ವಾದಿಸಿದೆ. ಮೂರನೆಯ ಸಲ ಒಪ್ಪಿದರು. ಮ್ಯಾನೇಜರ್ ಪಟ್ಟ ಹೋಯಿತು. ರೇಖಾ ನರ್ಸ್ ಆಗಿಯೇ ಹೋಗಿ ಸೇರಿದರು.

ಎಂಟು ಅಕ್ಷರಗಳಲ್ಲಿ ಮನುಷ್ಯ ಇರುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ತಪ್ಪು ಜಾತಕವೂ ಆಕೆಗೆ ‘ಇಕಿ ನಾ ಅಲ್ಲ’ ಎನ್ನುವ ಧೈರ್ಯ ಕೊಟ್ಟಿತು. ಅಷ್ಟು ವರ್ಷ ಎಷ್ಟೋ ಜನರಿಗೆ ಸಲಹೆ ಕೊಟ್ಟ ನಾನು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಈಗ ಯಾರದೇ ಸಿವಿ ತೆರೆಯುವ ಮೊದಲು ಕೇಳುತ್ತೇನೆ: ಯಾರೂ ನೋಡದಿದ್ದರೂ ಮಾಡಬೇಕು ಅನ್ನಿಸುವ ಕೆಲಸ ಯಾವುದು? ಉತ್ತರ ತಡವಾಗಿ ಬರುತ್ತದೆ. ನಿಮ್ಮ ಮನೆಯವರನ್ನೂ ಕೇಳಿ ನೋಡಿ. ಕೇಳಿದ ಮೇಲೆ ಮಾತ್ರ ನಡುವೆ ಬಾಯಿ ಹಾಕಬೇಡಿ.