ಮಲ್ಲಪ್ಪನ ಮುಖದ ರಾಕ್ಷಸ

ದೆವ್ವ, ಶಕುನ ಎಂದರೆ ನಾನು ನಗುತ್ತಿದ್ದವಳು. ಯಾರಾದರೂ ಅಂಥ ಕಥೆ ಶುರು ಮಾಡಿದರೆ, ನಿಮಗೆ ಬೇರೆ ಕೆಲಸ ಇಲ್ಲೇನು ಎಂದು ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಬನಹಟ್ಟಿಯಲ್ಲಿ ನಮ್ಮದು ಮಗ್ಗದ ಮನೆ. ಆ ವರ್ಷ ಮಗಳು ಸುಮಾಳ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ನಾಟಕವಿತ್ತು. ಅದಕ್ಕೆ ರಾಕ್ಷಸನ ಮುಖವಾಡ ಮಾಡಿಕೊಡುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಮನೆಯಲ್ಲಿ ಸಾಮಾನಿಗೇನು ಕೊರತೆ? ನೂಲು ಸುತ್ತಿ ಬರುವ ರಟ್ಟಿನ ಕೋನುಗಳು ಕೊಂಬಿಗಾದವು, ಕಡಿದು ಬಿದ್ದ ನೂಲು ಕೂದಲಿಗಾಯಿತು. ಅಂಟಿಗೆ ನೂಲಿಗೆ ಹಾಕುವ ಗಂಜಿಯೇ ಇತ್ತು. ಅದು ಒಣಗಿದರೆ ಹಳೆಯ ಪೇಪರೂ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಅಚ್ಚಿಗೆ ಮಾತ್ರ ಏನು ಮಾಡುವುದೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ನನ್ನ ತಮ್ಮ ಮಲ್ಲಪ್ಪ, ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಹಿಪ್ಪರಗಿಯಿಂದ ಬಂದ. ಹೊಳೆದಂಡೆಯಲ್ಲಿ ಕಬ್ಬು ಬೆಳೆಯುವವನು, ಅಗಲ ಮುಖ, ದಪ್ಪ ಮೂಗು. ರಾಕ್ಷಸ ತಾನಾಗಿಯೇ ಬಾಗಿಲಿಗೆ ಬಂದನಲ್ಲ ಎಂದು ಚೇಷ್ಟೆ ಮಾಡಿದೆ. ಅವನೂ ನಕ್ಕು, ಪಡಸಾಲೆಯ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತು ಮುಖ ಒಪ್ಪಿಸಿದ. ಎಣ್ಣೆ ಸವರಿ, ಕಣ್ಣು ಬಾಯಿ ಮುಚ್ಚಿಸಿ, ಗಂಜಿಯಲ್ಲಿ ಅದ್ದಿದ ಪೇಪರ್ ಪಟ್ಟಿಗಳನ್ನು ಅಂಟಿಸುತ್ತ ಹೋದೆ. ಉಸಿರಾಡಲು ಮೂಗಿನ ಹೊಳ್ಳೆಗಳನ್ನು ಬಿಟ್ಟಿದ್ದೆ.

ಒಳಗಿನಿಂದ ಬಂದ ಅತ್ತೆ ಅವನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಬಳಿಯುತ್ತೇವೆ. ಮಲ್ಲಪ್ಪ ಕಣ್ಣು ಮುಚ್ಚಿಕೊಂಡು, ಮುಖವೆಲ್ಲ ಬೆಳ್ಳಗಾಗಿ, ಥೇಟ್ ಹಾಗೆಯೇ ಕುಳಿತಿದ್ದ. ನನಗದು ಹೊಳೆದೇ ಇರಲಿಲ್ಲ.

"ಜೀವಂತ ಮನಷ್ಯಾನ್ನ ಹಿಂಗ ಕುಂಡ್ರಸ್ತಾರೇನ ಬೇ? ತಗದು ಒಲಿಗೆ ಹಾಕು ಅದನ್ನ" ಎಂದರು.

ಅರ್ಧ ಒಣಗಿದ್ದನ್ನು ಹುಷಾರಾಗಿ ತೆಗೆದೆ, ಆದರೆ ಒಲೆಗೆ ಹಾಕಲಿಲ್ಲ. ಅತ್ತೆ ಅವನಿಗೆ ಉಪ್ಪು ನಿವಾಳಿಸಿ, ಮುಖ ತೊಳೆಸಿ, ನನ್ನ ಕೂಡ ಮಾತು ಬಿಟ್ಟರು. ಹಬ್ಬದ ಹೊತ್ತಿಗೆ ಬರುತ್ತೇನೆಂದು ನಾನು ಹೇಳಿದ ಮೇಲೆ ಮಲ್ಲಪ್ಪ ಚಹಾ ಕುಡಿದು ಊರಿಗೆ ಹೋದ. ನಾನು ಮೇಲೆ ಇನ್ನಷ್ಟು ಪೇಪರ್ ಹಚ್ಚಿ, ಚೆಂದ ಕಾಣಲೆಂದು ಮೂಗಿನ ತೂತುಗಳನ್ನೂ ಮುಚ್ಚಿ, ಮಾಳಿಗೆಯ ಮೇಲೆ ಒಣಗಲು ಇಟ್ಟೆ. ನಮ್ಮ ಕಡೆ ಮಳೆಯ ಸುದ್ದಿಯೇ ಇರಲಿಲ್ಲ. ಮಳೆಯೆಲ್ಲ ಮಹಾರಾಷ್ಟ್ರದ ಘಟ್ಟದಲ್ಲಿ. ಅಲ್ಲಿ ಸುರಿದರೆ ಇಲ್ಲಿ ಬಿಸಿಲಲ್ಲೇ ಹೊಳೆ ತುಂಬಿ ಬರುತ್ತದೆ. ಮುಖವಾಡ ಕಟಕ ರೊಟ್ಟಿಯಂತೆ ಒಣಗಿತು.

ಮುಂದೆ ಒಂದು ಮಧ್ಯಾಹ್ನ ಬಣ್ಣ ಹಚ್ಚಲು ಕುಳಿತೆ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ತುಟಿಗೆ ಹಚ್ಚಿದ ಕೆಂಪು ಹಿಡಿಯದೆ ಹರಿಯಿತು. ಮುಟ್ಟಿದರೆ ಹಸಿ. ಸೆರಗಿನಿಂದ ಒರೆಸಿದೆ, ಮತ್ತೆ ಹಸಿಯಾಯಿತು. ಮೇಲೆ ಮಾಳಿಗೆ ನೋಡಿದೆ, ಪಕ್ಕದ ಕೊಡ ನೋಡಿದೆ, ಎಲ್ಲೂ ಸೋರಿರಲಿಲ್ಲ. ತಿರುವಿ ಒಳಗೆ ಕೈಯಾಡಿಸಿದರೆ ಒಣಗಿಯೇ ಇತ್ತು. ಮುಚ್ಚಿದ ತುಟಿಗಳ ಗೆರೆಯಿಂದಷ್ಟೇ ಮಣ್ಣುಬಣ್ಣದ ನೀರು ಜಿನುಗುತ್ತಿತ್ತು. ಆಮೇಲೆ ಮೂಗಿನಿಂದಲೂ ಬರತೊಡಗಿತು. ಬೆರಳಿಗೆ ಸಣ್ಣ ಉಸುಕು ಹತ್ತಿತು. ನಮ್ಮ ಪಡಸಾಲೆಯಲ್ಲಿ ಹೊಳೆಯ ವಾಸನೆ! ಸುಳ್ಳೇಕೆ ಹೇಳಲಿ, ಮಾತು ಬಿಟ್ಟಿದ್ದ ಅತ್ತೆಯನ್ನೇ ಕೂಗಿದೆ. ಎಷ್ಟೆಂದರೂ ಅದು ನನ್ನ ತಮ್ಮನ ಮೂಗು, ತಮ್ಮನ ಬಾಯಿ.

ಬತ್ತಿ ಹೊಸೆಯುತ್ತಿದ್ದ ಅತ್ತೆ ಎದ್ದು ಬಂದು ನೋಡಿದರು. ಬೈಯಲಿಲ್ಲ. ದನಿ ಸಣ್ಣದು ಮಾಡಿ, "ಅದರ ಬಾಯಿ ತಗೀಯವ್ವಾ, ಲಗೂನ ತಗಿ" ಎಂದರು.

ಕತ್ತರಿ ಹುಡುಕುವಷ್ಟು ತಾಳ್ಮೆ ಯಾರಿಗಿತ್ತು? ಎರಡೂ ಕೈಯ ಬೆರಳುಗಳನ್ನು ತುಟಿಗಳ ನಡುವೆ ತೂರಿಸಿ ಜಗ್ಗಿದೆ. ಬರಲಿಲ್ಲ. ಮತ್ತೆ ಜಗ್ಗಿದೆ, ಉಗುರು ಮುರಿಯಿತು. ಕೊನೆಗೊಮ್ಮೆ ಬಾಯಿ ಹರಿದು, ಒಂದು ತಂಬಿಗೆಯಷ್ಟು ರಾಡಿ ನೀರು ನನ್ನ ಉಡಿಗೆ ಸುರಿಯಿತು. ಆಮೇಲೆ ಒಂದು ಹನಿಯೂ ಬರಲಿಲ್ಲ.

ಪಕ್ಕದ ಮನೆಗೆ ಓಡಿ, ಹಿಪ್ಪರಗಿಯಲ್ಲಿ ತಮ್ಮನ ಮನೆ ಹತ್ತಿರದ ಅಂಗಡಿಗೆ ಫೋನ್ ಮಾಡಿದೆ. ಹೊಳೆ ಒಮ್ಮೆಲೇ ಏರಿದೆ, ಗಂಡಸರೆಲ್ಲ ದಂಡೆಯಲ್ಲಿನ ಪಂಪಿನ ಮೋಟರ್ ಮೇಲೆ ಸಾಗಿಸಲು ಹೋಗಿದ್ದಾರೆ, ಮಲ್ಲಪ್ಪನೂ ಅಲ್ಲೇ ಇದ್ದಾನೆ ಎಂದರು ಅಂಗಡಿಯವರು. ಸುದ್ದಿ ತಿಳಿದು ಫೋನ್ ಮಾಡಿರಿ ಎಂದು ಬೇಡಿಕೊಂಡು ಅಲ್ಲೇ ಕುಳಿತೆ. ಫೋನ್ ಬಂದಾಗ ಎತ್ತುವ ಧೈರ್ಯ ನನಗಾಗಲಿಲ್ಲ, ಆ ಮನೆಯಾಕೆಯೇ ಎತ್ತಿದರು. ಮೋಟರಿನ ಹಗ್ಗ ಕಾಲಿಗೆ ಸುತ್ತಿ ಮಲ್ಲಪ್ಪ ನೀರಿನಡಿ ಸಿಕ್ಕಿಬಿದ್ದಿದ್ದನಂತೆ. ಎಳೆದು ಹಾಕಿದಾಗ ಹೋಗೇಬಿಟ್ಟ ಎಂದೇ ಎಲ್ಲರೂ ತಿಳಿದಿದ್ದರಂತೆ. ಆಮೇಲೆ ಕೆಮ್ಮಿ ನೀರು ಕಾರಿ ಉಸಿರಾಡತೊಡಗಿದನಂತೆ. ಜಮಖಂಡಿಯ ದವಾಖಾನೆಗೆ ಒಯ್ದಿದ್ದರು.

ನನ್ನ ಗಂಡ ಇದೆಲ್ಲ ಕೇಳಿ, ಗಂಜಿ ದಪ್ಪಗಾಗಿ ನಡುವೆ ಒಣಗಿರಲಿಕ್ಕಿಲ್ಲ, ಅದೇ ನೀರು ಬಿಟ್ಟಿದೆ ಎನ್ನುತ್ತಾರೆ. ಇರಬಹುದು. ಹಾಗೆಯೇ ನಂಬೋಣವೆಂದು ನಾನೂ ಎಷ್ಟೋ ಸಲ ನೋಡಿದ್ದೇನೆ. ಉಸುಕು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮಗ್ಗದ ಕಡೆ ಎದ್ದು ಹೋಗುತ್ತಾರೆ.

ಆ ಸಂಜೆ ಬಸ್ಸು ಹಿಡಿದು ಜಮಖಂಡಿಗೆ ಹೋದೆ. ಮುಖವಾಡದ ಮಾತನ್ನು ಅಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಮಲ್ಲಪ್ಪನ ತುಟಿಯ ಎರಡೂ ಮೂಲೆ ಹರಿದು ಬಾತಿದ್ದವು. ಕಲ್ಲು ಬಡಿದಿರಬೇಕು ಎಂದರು ನರ್ಸ್. ಅವನು ಕಣ್ಣು ತೆರೆದು ನನ್ನನ್ನು ನೋಡಿದ.

"ಅಕ್ಕಾ, ನಾ ನೀರಾಗ ಇದ್ದಾಗ ಬಾಯಾಗ ಕೈ ಹಾಕಿ ಜಗ್ಗಿದಾಕಿ ನೀನ ಏನ?"

ನಾನು ಬನಹಟ್ಟಿಯಲ್ಲಿದ್ದೆ ಎಂದೆ. ಅದು ಸುಳ್ಳಲ್ಲ. ಅವನು ಉಗುರು ಮುರಿದ ನನ್ನ ಕೈ ಹಿಡಿದುಕೊಂಡು ಹಾಗೆಯೇ ನಿದ್ದೆಹೋದ.