ಕೌದಿಯ ಹಿಂದಿನ ಹ್ಞೂಂ

ಫೋನಿನಲ್ಲಿ ಮಾತಾಡುವಾಗ ಕೇಳುವವರು ತುಸು ಹೊತ್ತು ಸುಮ್ಮನಾದರೆ ಸಾಕು, ನಮ್ಮ ಬೈಲಹೊಂಗಲದ ಕಡೆಯವರು ಹೇಳುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ "ಅದೀರಿಲ್ರಿ?" ಎಂದು ವಿಚಾರಿಸುತ್ತಾರೆ. ಅವರ ಪಾಲಿಗೆ ಅದು ಬರಿಯ ರೇಂಜಿನ ಪ್ರಶ್ನೆ. ಆದರೆ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ಕೆಟ್ಟುಹೋದ ನನ್ನ ಕಿವಿಗೆ ಅದರಲ್ಲಿ ಇರುವಿಕೆ, ಇಲ್ಲದಿರುವಿಕೆಗಳೆರಡೂ ಒಂದೇ ಪದದೊಳಗೆ ಹೆಗಲಿಗೆ ಹೆಗಲು ತಾಗಿಸಿ ಕೂತಂತೆ ಕೇಳಿಸುತ್ತದೆ. ದರ್ಶನಕಾರರು ಗ್ರಂಥಗಟ್ಟಲೆ ಬರೆದೂ ಇತ್ಯರ್ಥ ಮಾಡಲಾಗದ ಈ ಅಸ್ತಿ-ನಾಸ್ತಿಯ ವ್ಯಾಜ್ಯವನ್ನು ನಾವು "ಹ್ಞೂಂ" ಎಂಬ ಒಂದು ಮೂಗಿನ ಸದ್ದಿನಿಂದ ಬಗೆಹರಿಸಿ, ನೆಮ್ಮದಿಯಿಂದ ಹತ್ತಿ ಬೆಳೆಯ ಮಾತಿಗೆ ಮರಳುತ್ತೇವೆ.

ಈ ಹ್ಞೂಂ ಅನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು. ಸವದತ್ತಿಯಲ್ಲಿದ್ದ ನನ್ನ ಅಜ್ಜಿ ಕಥೆ ಹೇಳುವಾಗ ವಾಕ್ಯಕ್ಕೊಂದು ಹ್ಞೂಂ ಬೀಳದಿದ್ದರೆ ರಾಜಕುಮಾರನನ್ನು ಕಾಡಿನ ನಡುವೆಯೇ ಬಿಟ್ಟು ಮಗ್ಗುಲಾಗಿ ಮಲಗಿಬಿಡುತ್ತಿದ್ದಳು. ಅವನನ್ನು ಊರಿಗೆ ತಲುಪಿಸುವ ಹೊಣೆ ಹೇಳುವವಳಿಗಿಂತ ಕೇಳುವವನ ಮೇಲೇ ಹೆಚ್ಚು. ಹೀಗಾಗಿ ನನಗೆ ಹ್ಞೂಂ ಎಂಬುದು ಅಭ್ಯಾಸ ಹೋಗಿ ಉಸಿರಾಟವೇ ಆಗಿದೆ. ವಾರ್ತೆ ಓದುವ ಟಿವಿಗೂ ನಾನು ಹ್ಞೂಂ ಎನ್ನುವುದುಂಟು.

ನನಗೆ ಹ್ಞೂಂ ಎನ್ನುತ್ತಿದ್ದವಳು ನನ್ನ ಹೆಂಡತಿ ಗಂಗಾ. ನನ್ನ ಪ್ರಬಂಧಗಳ ಪ್ರಥಮ ಶ್ರೋತೃ ಅವಳು. ಬಹಳ ಸಲ ಅಂತಿಮ ಶ್ರೋತೃವೂ ಅವಳೇ. ಕಾಲೇಜಿನಿಂದ ಬಂದು ಚಹಾ ಕುಡಿದು, ಗಂಟಲು ಸರಿಪಡಿಸಿಕೊಂಡು ನಾನು ಓದತೊಡಗಿದರೆ, ಅವಳು ಹಳೆಯ ಸೀರೆಗಳ ತುಂಡುಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತ ಕೂರುತ್ತಿದ್ದಳು. ಸೂಜಿಗೆ ಪೋಣಿಸಬೇಕಾದ ದಾರ ಸದಾ ತುಟಿಗಳ ನಡುವೆ ಇರುತ್ತಿದ್ದುದರಿಂದ ನನ್ನ ಸಾಹಿತ್ಯದ ಬಗೆಗಿನ ಅವಳ ವಿಮರ್ಶೆಯೆಲ್ಲ ಮೂಗಿನಿಂದಲೇ ಹೊರಡಬೇಕಿತ್ತು. ಹಿಡಿಸಿದರೆ ಗಿಡ್ಡ ಹ್ಞೂಂ, ಬೇಸರವಾದರೆ ಉದ್ದ ಹ್ಞೂಂ. ನಾನು ನನ್ನನ್ನೇ ಹೊಗಳಿಕೊಳ್ಳುವ ಜಾಗದಲ್ಲಿ ಹ್ಞೂಂ ಇಲ್ಲವೇ ಇಲ್ಲ. ಅಂಥ ಸಾಲುಗಳನ್ನು ನಾನು ತೆಪ್ಪಗೆ ಹೊಡೆದುಹಾಕುತ್ತಿದ್ದೆ. ಅಹಂಕಾರಕ್ಕೆ ಮದ್ದು ಹ್ಞೂಂಕಾರವೆಂದು ಒಮ್ಮೆ ಪಾಂಡಿತ್ಯ ಮೆರೆದಾಗ ಅವಳು ದಾರವನ್ನು ಬಾಯಿಂದ ತೆಗೆದು, "ಸಾಕ್ ಮಾಡ್ರಿ, ನಗಸಬ್ಯಾಡ್ರಿ, ಸೂಜಿ ಚುಚ್ಚತೈತಿ" ಎಂದಿದ್ದಳು.

ಗಂಗಾ ತೀರಿಕೊಂಡ ಮೇಲೂ ಮನೆಯಲ್ಲಿ ಉಳಿದ ಸದ್ದುಗಳೆಲ್ಲ ಹಾಗೆಯೇ ಇದ್ದವು. ಕುಕ್ಕರು ಕೂಗುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು, ಹಿತ್ತಲ ಬಾಗಿಲು ಗಾಳಿಗೆ ಕಿರುಗುಟ್ಟುತ್ತಿತ್ತು. ಮಕ್ಕಳಿಲ್ಲದ ಮನೆ, ಹೋದದ್ದು ಆ ಒಂದು ಹ್ಞೂಂ ಮಾತ್ರ. ಒಂದು ಸಂಜೆ ಹೊಸದಾಗಿ ಬರೆದ ಪುಟವನ್ನು ಎಂದಿನಂತೆ ಗಟ್ಟಿಯಾಗಿ ಓದಿ, ಮೊದಲ ವಾಕ್ಯದ ಕೊನೆಗೆ ನಿಂತೆ. ಎಷ್ಟು ಹೊತ್ತು ನಿಂತರೂ ಎರಡನೆಯ ವಾಕ್ಯಕ್ಕೆ ಹೋಗಲು ಯಾರೂ ಅಪ್ಪಣೆ ಕೊಡಲಿಲ್ಲ. ಅಂದಿನಿಂದ ಬರೆಯುವುದನ್ನು ಬಿಟ್ಟೆ. ಪರಿಚಯದವರು ಕೇಳಿದರೆ ಕಾಲೇಜಿನಲ್ಲಿ ಕೆಲಸ ಹೆಚ್ಚೆಂದು ಹೇಳುತ್ತಿದ್ದೆ. ನಿಜವೆಂದರೆ ನನಗೆ ಬಹಳ ಒಂಟಿ ಅನಿಸುತ್ತಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಆಗುತ್ತಿತ್ತು.

ಆಗ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು ಮನೋಳಿಯ ರೇಣುಕಾ. ಹಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ನಿಂತು ಡಾಕ್ಟರರ ಅಕ್ಷರ ಬಿಡಿಸಿ ಗುಳಿಗೆ ಕೊಡುವ ಹುಡುಗಿ, ಸಂಜೆಯಾದರೆ ಗಿಟಾರು ಹಿಡಿದು ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದಳು. ತಾನೇ ಬರೆದು, ತಾನೇ ರಾಗ ಹಾಕಿ, ಲ್ಯಾಪ್‌ಟಾಪಿನಲ್ಲಿ ತಾನೇ ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಬಿಡುತ್ತಾಳೆಂದು ತಿಳಿದಾಗ ನನಗೆ ಬಿತ್ತುವುದರಿಂದ ರೊಟ್ಟಿ ಬಡಿಯುವವರೆಗೆ ಎಲ್ಲವನ್ನೂ ಒಬ್ಬಳೇ ಮಾಡುವ ಹೆಣ್ಣುಮಗಳನ್ನು ಕಂಡಂತಾಯಿತು. ಹಾಡುಗಳು ಮಾತ್ರ ನನ್ನ ಹಿಡಿತಕ್ಕೆ ಸಿಗಲಿಲ್ಲ. ಪಲ್ಲವಿ ಎಲ್ಲಿ ಮುಗಿದು ಚರಣ ಎಲ್ಲಿ ಶುರುವಾಗುತ್ತದೆಂದು ಹುಡುಕುವಷ್ಟರಲ್ಲಿ ಹಾಡೇ ಮುಗಿದಿರುತ್ತಿತ್ತು. ಅರೆನಿದ್ದೆಯಲ್ಲಿ ತನ್ನೊಂದಿಗೆ ತಾನೇ ಆಡಿಕೊಂಡ ಮಾತು, ನಡುವೆ ದೀರ್ಘ ಮೌನ, ಮತ್ತೆ ಒಂದು ಮಾತು. ಛಂದಸ್ಸಿನ ಮೇಷ್ಟರಾಗಿ ಆ ಮೌನಕ್ಕೆ ಎಷ್ಟು ಮಾತ್ರೆ ಎಂದು ಬೆರಳೆಣಿಸಲು ಹೋಗಿ ಸೋತಿದ್ದೇನೆ. ಮಾತ್ರೆಗಳ ಲೆಕ್ಕದಲ್ಲಿ ಮೆಡಿಕಲ್ ಅಂಗಡಿಯವಳ ಮುಂದೆ ನಾನು ಎಲ್ಲಿ ನಿಂತೇನು?

ಒಂದು ರವಿವಾರ ಮಧ್ಯಾಹ್ನ ಅವಳು ಕೆಳಗಿಳಿದು ಬಂದು, ದಪ್ಪನೆಯ ಕೌದಿ ಇದ್ದರೆ ಕೊಡಿರೆಂದು ಕೇಳಿದಳು. ಮೇ ತಿಂಗಳ ಬಿಸಿಲಿನಲ್ಲಿ ಕೌದಿಯೇ ಎಂದು ನಾನು ಬೆರಗಾದದ್ದು ಕಂಡು, ಗೋಡೆಗೆ ಇಳಿಬಿಟ್ಟರೆ ದನಿ ಗುಂಯ್‌ಗುಡುವುದಿಲ್ಲವೆಂದು ವಿವರಿಸಿದಳು. ಆಮೇಲೆ ಹೊಸ್ತಿಲ ಮೇಲೆ ನಿಂತೇ, "ಇದೊಂದ ಹಾಡಿ ಬಿಟ್ಟ ಬಿಡತೇನ್ರಿ ಸರ್. ಯಾರೂ ಕೇಳೂದಿಲ್ಲ. ಗ್ವಾಡಿ ಮುಂದ ಕುಂತ ಹಾಡಿದಂಗ ಆಗೇತಿ" ಎಂದಳು. ಅವಳು ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ನನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಂತಾಗಿ, ಗಂಗಾ ಹೊಲಿದ ಕೌದಿಯನ್ನು ಟ್ರಂಕಿನಿಂದ ತೆಗೆದುಕೊಟ್ಟೆ.

ಕೌದಿ ಕಟ್ಟಲು ಮೊಳೆ ಹೊಡೆದವನು ನಾನು. ನನ್ನ ಮೊಳೆ ನನ್ನ ಸಮಾಸಗಳಂತೆ, ನೋಡಲು ಭದ್ರ. ಅವಳು ಗಿಟಾರು ಎತ್ತಿಕೊಳ್ಳುವಷ್ಟರಲ್ಲಿ ಅದು ಗೋಡೆಯ ಸುಣ್ಣಸಮೇತ ಕೆಳಗೆ ಬಂತು. ಕೊನೆಗೆ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ನನ್ನ ಕೈಗೆ. ಮದುವೆಯಲ್ಲಿ ಅಂತರಪಟ ಹಿಡಿದ ಭಟ್ಟರಂತೆ ನಾನು ತೋಳೆತ್ತಿ ಕೌದಿಯ ಹಿಂದೆ ನಿಂತೆ. ಫ್ಯಾನು ಬಂದ್. ಬೆವರು ಕನ್ನಡಕದವರೆಗೆ ಇಳಿದಿತ್ತು. ಸುಗ್ಗಿಯ ದಿನಗಳಾಗಿದ್ದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ತಮ್ಮ ಹಾಡುಗಳನ್ನು ಇವಳ ಹಾಡಿನೊಳಗೆ ತುಂಬಿ ಹೋಗುತ್ತಿದ್ದವು. ಅಂದು ಓಣಿಯೂ ಉಸಿರು ಹಿಡಿದಿತ್ತು. ನನ್ನ ಮೂಗಿನ ಮುಂದೆ ಗಂಗಾಳ ಹಸಿರು ಇಳಕಲ್ ಸೀರೆಯ ತುಂಡು, ಅದರ ಪಕ್ಕಕ್ಕೆ ನೀಲಿಯದು, ಸುತ್ತಲೂ ಅವಳ ಸಣ್ಣ ಸಣ್ಣ ಹೊಲಿಗೆ. ಆಚೆಯಿಂದ ರೇಣುಕಾ ಹಾಡಿದಳು:

ಹೊಳಿ ನಡುವ ನಿಂತಾಗ
ನನ್ನ ಕಾಲ ನನಗ ಕಾಣಲಿಲ್ಲ…

ಮಲಪ್ರಭೆಯ ಕೆಂಪು ನೀರಲ್ಲಿ ನಿಂತವರಿಗೆಲ್ಲ ಗೊತ್ತಿರುವ ಮಾತು. ಹಾಡು ಅಲ್ಲಿ ನಿಂತಿತು. ಅಜ್ಜಿಯ ರಾಜಕುಮಾರ ಕಾಡಿನ ನಡುವೆ ನಿಂತ ಹಾಗೆ ನಿಂತಿತು. ಎದುರಿಗೆ ಹಸಿರು ಸೀರೆ. ನಾನು ಬೇಕೆಂದು ಮಾಡಲಿಲ್ಲ ನೋಡಿ, ಕೌದಿಯ ಹಿಂದಿನಿಂದ ನನ್ನ ಮೂಗು ತಾನಾಗಿಯೇ "ಹ್ಞೂಂ" ಎಂದಿತು. ಒಂದು ಗಳಿಗೆ ಬಿಟ್ಟು ಅವಳು ಮುಂದಿನ ಸಾಲು ಹಾಡಿದಳು:

ಕಾಣದಿದ್ರೂ ನಿಂತಿದ್ದೆ.

ಹಾಡು ಮುಗಿದ ಮೇಲೆ ನಾನು ಕೌದಿಯ ಮೇಲಿನಿಂದ ಮುಖ ತೋರಿಸಿ, "ತಪ್ಪಾತವಾ, ಇನ್ನೊಮ್ಮೆ ಹಾಡು, ಈ ಸಲ ಬಾಯಿ ಮೂಗು ಎರಡೂ ಮುಚ್ಚಿಕೋತೇನಿ" ಎಂದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಷ್ಟನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಬಯ್ಯುತ್ತಾಳೆಂದು ಕಾದೆ. "ಇರಲ್ರಿ ಸರ್" ಎಂದಳು. "ಯಾರೋ ಅದಾರ ಅನ್ನಸ್ತೈತಿ."

ಹಾಡು ನನ್ನ ಹ್ಞೂಂ ಸಮೇತ ಲೋಕಕ್ಕೆ ಹೋಯಿತು. ಲೋಕವೇನೂ ಅಲ್ಲಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ರೇಣುಕಾಗೆ ರಾಮದುರ್ಗದಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಕೌದಿಯನ್ನು ಮಡಚಿ ತಂದಳು. ನೀನೇ ಇಟ್ಟುಕೋ ಎಂದೆ. ಕೊಟ್ಟ ಮೇಲೆ ಟ್ರಂಕು ಬರಿದಾಗಿ ಕಂಡಿತು, ಮೇಲಿನ ಕೋಣೆಯೂ ಬರಿದಾಯಿತು. ಅವಳು ಮತ್ತೆ ಹಾಡುತ್ತಾಳೋ ಇಲ್ಲವೋ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆ ತೀರ ಸುಮ್ಮನಾದಾಗ ಮೊಬೈಲಿನಲ್ಲಿ ಆ ಹಾಡು ಹಾಕಿಕೊಳ್ಳುತ್ತಿದ್ದೆ. ನಡುವಿನ ಮೌನದಲ್ಲಿ ನನ್ನದೇ ದನಿ ನನಗೇ ಹ್ಞೂಂ ಎನ್ನುತ್ತಿತ್ತು. ಇಡೀ ಮನೆಯಲ್ಲಿ ನನಗೆ ಓಗೊಡಲು ಉಳಿದವನು ನಾನೊಬ್ಬನೇ ಎಂಬುದು ಆಗ ಬಹಳ ನೋಯಿಸುತ್ತಿತ್ತು. ಆದರೂ ಮರುಸಾಲಿಗೆಂದು ಕಾಯುತ್ತಿದ್ದೆ. ಅಂಥದೇ ಒಂದು ಸಂಜೆ ಹಾಳೆ ತೆಗೆದುಕೊಂಡು, ಗಂಗಾ ಹೋದ ಮೇಲೆ ಮೊದಲ ಸಲ, ಬರೆಯಲು ಕೂತೆ.

ಬರೆದದ್ದು ನೀವು ಇಲ್ಲಿಯವರೆಗೆ ಓದಿದ ಇದೇ ಪ್ರಬಂಧ. ಮರುದಿನ ಸಂಜೆ ಚಹಾ ಕುಡಿದು, ಗಂಟಲು ಸರಿಪಡಿಸಿಕೊಂಡು, ರಾಮದುರ್ಗಕ್ಕೆ ಫೋನು ಹಚ್ಚಿ, ಬಿಡುವಿದ್ದರೆ ಒಂದಿಷ್ಟು ಕೇಳೆಂದು ಓದತೊಡಗಿದೆ. ಅಜ್ಜಿಯ ಕಥೆ ದಾಟಿತು. ಗಂಗಾಳ ತುಟಿಯ ದಾರದವರೆಗೆ ಬಂದು ನಿಂತೆ. ಆಚೆ ಕಡೆ ಸದ್ದೇ ಇಲ್ಲ. ರೇಂಜು ಹೋಯಿತೋ, ಬೇಸರವಾಗಿ ಫೋನು ಇಟ್ಟಳೋ. ಇಷ್ಟು ಹೊತ್ತು ಊರವರನ್ನು ಯಾವ ಪ್ರಶ್ನೆಗಾಗಿ ಗೇಲಿ ಮಾಡಿದ್ದೆನೋ ಅದೇ ಪ್ರಶ್ನೆ ನನ್ನ ಬಾಯಿಂದ ಬಂತು.

"ಅದೀಯಿಲ್ಲವಾ?"

"ಹ್ಞೂಂ" ಎಂದು ಬಂತು ಉತ್ತರ. ಗಿಡ್ಡನೆಯ, ಬಾಯಿ ತೆರೆಯದ, ಮೂಗಿನಿಂದಷ್ಟೇ ಹೊರಟ ಹ್ಞೂಂ. ನಾನು ಕುರ್ಚಿಯ ತೋಳು ಹಿಡಿದುಕೊಂಡೆ. ಆಮೇಲೆ ತುಟಿಯಿಂದ ಏನನ್ನೋ ತೆಗೆದ ಸದ್ದಾಗಿ ಅವಳ ಮಾತು ಕೇಳಿಸಿತು:

"ಇಲ್ಲೇ ಅದೇನ್ರಿ ಸರ್. ಬಾಯಾಗ ದಾರ ಇತ್ತ. ಕೌದಿ ತುದಿ ಹರದೈತ್ರಿ, ಹೊಲ್ಯಾಕ ಹತ್ತೇನಿ. ನಾಳೆ ಗ್ವಾಡಿಗೆ ಕಟ್ಟಬೇಕಲ್ರಿ, ಹೊಸಾ ಹಾಡ ಐತಿ. ನೀವು ಓದ್ರಿ."

ನಾನು ಎರಡನೆಯ ಪುಟ ತಿರುವಿದೆ.