ಮನೆಯವರಿಗೆ ಕಚ್ಚದ ಜೇನು

ಹೆಜ್ಜೇನಿಗೆ ವಂಶವೃಕ್ಷ ಗೊತ್ತಿರುತ್ತದೆಯೇ?

ನಗಬೇಡಿ. ನಮ್ಮ ಕುಟುಂಬದಲ್ಲಿ ಇದಕ್ಕೆ ಉತ್ತರ ‘ಹೌದು’. ತಲೆತಲಾಂತರದಿಂದ ಹೌದು. ಆ ಒಂದು ಹೌದು ನಮ್ಮ ಭಾಗೀರಥಿ ಅತ್ತೆಯ ಪ್ರಾಣ ತೆಗೆಯುವುದರಲ್ಲಿತ್ತು. ನಾನು ಕಣ್ಣಾರೆ ನೋಡಿದೆ. ಕಳೆದ ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ. ಈಗಲೂ ಮನೆಯಲ್ಲಿ ಮಿಕ್ಸಿ ತಿರುಗಿದರೆ ಎದ್ದು ಹೊರಗೆ ಹೋಗುತ್ತೇನೆ.

ಮೊದಲಿನಿಂದ ಹೇಳುತ್ತೇನೆ.

ನನ್ನ ಚಿಕ್ಕಪ್ಪನ ಮಗಳು ವಿನುತಾ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಈ ವರ್ಷ ಒಂದು ಕಾದಂಬರಿ ಬರೆದಳು. ನಮ್ಮದೇ ಮನೆತನದ ಕಥೆ. ಅದರಲ್ಲಿ ದೊಡ್ಡ ಮನುಷ್ಯರು ಯಾರೂ ಇಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ರೇಡಿಯೊ ರಿಪೇರಿ ಕಲಿತವನು, ಮದುವೆಯಾಗದೆ ಉಳಿದು ಊರಿನ ಬಾಣಂತಿಯರಿಗೆಲ್ಲ ಎಣ್ಣೆ ತಿಕ್ಕಿದವಳು, ಅಣ್ಣನ ಜತೆ ಮಾತು ಬಿಟ್ಟು ಅವನ ಪಕ್ಕದ ಮನೆಯಲ್ಲೇ ಮುದುಕನಾದವನು. ಇಂಥವರೇ. (ನೆಂಟರಲ್ಲಿ ಅರ್ಧ ಜನ ಪುಸ್ತಕದಲ್ಲಿ ತಮ್ಮನ್ನು ಹುಡುಕಿದರು. ಉಳಿದರ್ಧ ಜನ ಬೇರೆಯವರ ಗುಟ್ಟು ಹುಡುಕಿದರು.)

ಮೊದಲ ಅಧ್ಯಾಯ ಮಾತ್ರ ನಮ್ಮ ಮೂಲದ ಕಥೆ. ನಾವೆಲ್ಲ ಕೇಳಿಕೊಂಡೇ ಬೆಳೆದದ್ದು. ನಮ್ಮ ಮೂಲಪುರುಷ, ಕಣ್ಣು ಕಾಣದ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡಿ ಬಂದನಂತೆ. ಹಿಂದೆ ಶತ್ರುಗಳು. ತೀರ್ಥಹಳ್ಳಿ ಹತ್ತಿರದ ಅರಳಸುರಳಿ ಕಡೆಯ ಒಂದು ದಿಬ್ಬದಲ್ಲಿ ಬೂರುಗದ ಮರದ ಕೆಳಗೆ ಕುಸಿದು ಕೂತನಂತೆ. ಮರದ ಮೇಲಿದ್ದ ಹೆಜ್ಜೇನು ಎದ್ದು ಶತ್ರುಗಳಿಗೆಲ್ಲ ಕಚ್ಚಿ ಅಟ್ಟಿತಂತೆ. ತಾಯಿಗೂ ಮಗನಿಗೂ ಒಂದೂ ಕಚ್ಚಲಿಲ್ಲವಂತೆ. ಅಲ್ಲೇ ಕಾವಲು ದೇವತೆ ಚೌಡಿಗೆ ಒಂದು ಕಲ್ಲು ಇಟ್ಟು ಮನೆ ಕಟ್ಟಿದ. ಆಮೇಲೆ ಸಂಸಾರ ಬೆಳೆದು ಕೆಲವರು ಹೊಸನಗರಕ್ಕೆ ಹೋದರು. ನಾವು ಸಾಗರಕ್ಕೆ ಬಂದೆವು. ಆ ಜಾಗದಲ್ಲಿ ಈಗ ಉಳಿದಿರುವುದು ಚೌಡಿಯ ಕಲ್ಲು, ಮರ ಮತ್ತು ಒಂದು ನಂಬಿಕೆ: ಆ ಮರದ ಜೇನು ಮನೆಯವರಿಗೆ ಕಚ್ಚುವುದಿಲ್ಲ.

ವರ್ಷಕ್ಕೊಮ್ಮೆ ಎರಡೂ ಕಡೆಯವರು ಅಲ್ಲಿ ಸೇರಿ ಪೂಜೆ ಮಾಡುತ್ತೇವೆ. ಈ ಸಲ ಪುಸ್ತಕ ಬಿಡುಗಡೆಯೂ ಅಲ್ಲೇ ಆಗಬೇಕು ಎಂದು ಹಟ ಹಿಡಿದವರು ಹೊಸನಗರದ ಶೇಷಗಿರಿ ದೊಡ್ಡಪ್ಪ. ಕುಟುಂಬದ ಹಿರಿಯ ಗಂಡಸು. ಕಾದಂಬರಿಯಲ್ಲಿ ಅವರು ಓದಿದ್ದು ಮೊದಲ ಅಧ್ಯಾಯ ಮಾತ್ರ. “ಉಳಿದದ್ದು ಎಂತಕ್ಕೆ ಬರದ್ಯೇ ಕೂಸೆ? ಎಂಗಕ್ಕೆಲ್ಲ ಗೊತ್ತಿದ್ದದ್ದೇ” ಎಂದು ನಮ್ಮ ಮನೆಮಾತಿನಲ್ಲಿ ವಿನುತಾಳ ಮುಖಕ್ಕೇ ಹೇಳಿದ್ದರು.

ಆ ದಿನ ಬಂದವರಲ್ಲಿ ಜ್ಯೋತಿಯೂ ಇದ್ದಳು. ಜ್ಯೋತಿ ತೀರ್ಥಹಳ್ಳಿಯವಳು. ದೊಡ್ಡಪ್ಪನ ಮಗನನ್ನು ಪ್ರೀತಿಸಿ ಮದುವೆಯಾಗಿ, ಆಮೇಲೆ ಕೋರ್ಟಿನಲ್ಲಿ ವಿಚ್ಛೇದನ ಪಡೆದವಳು. ವಿನುತಾಳ ಪುಸ್ತಕಕ್ಕೆ ಪ್ರೂಫ್ ನೋಡಿದ್ದಳು. ವಿನುತಾ ಕರೆದಳು, ಅವಳು ಬಂದಳು. ದೊಡ್ಡಪ್ಪನ ಮುಖ ಗಂಟಾಯಿತು. ಆದರೆ ಅವರ ಅಕ್ಕ ಭಾಗೀರಥಿ ಅತ್ತೆ ವಾಕರ್ ಪಕ್ಕಕ್ಕಿಟ್ಟು, “ಬಾರೆ ಇಲ್ಲಿ, ಎನ್ನ ಹತ್ರ ಕೂತ್ಕ” ಎಂದು ಕುರ್ಚಿ ತೋರಿಸಿದರು. ಅತ್ತೆ ಹೇಳಿದ ಮೇಲೆ ಮುಗಿಯಿತು.

ಮರದ ಕೆಳಗೆ ಶಾಮಿಯಾನ. ಮೈಕು. ವಿನುತಾ ಮೊದಲ ಅಧ್ಯಾಯ ಓದುತ್ತಿದ್ದಳು. ದೊಡ್ಡಪ್ಪ ಫೋಟೋದವನನ್ನು ಕರೆದು, ಡ್ರೋನ್ ಮೇಲೆ ಕಳಿಸು, ಮರ ಪೂರ್ತಿ ಬರಬೇಕು ಎಂದರು.

“ಸಾರ್, ಮೇಲೆ ಹೆಜ್ಜೇನು ಕಟ್ಟಿದಾವೆ. ದೊಡ್ಡದೇ ಇದೆ.”

“ನೀ ಹಾರ್ಸು ಮಾರಾಯ. ಅವು ನಮ್ಮನೆ ಜೇನು. ಮನೆಯವ್ರಿಗೆ ಕಚ್ಚಲ್ಲ.”

“ನಾನು ಮನೆಯವ್ನಲ್ವಲ್ಲ ಸಾರ್!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಮಾತ್ರ ನಗಲಿಲ್ಲ. ಬೈಕಿನ ಹೆಲ್ಮೆಟ್ ಹಾಕಿಕೊಂಡು, ಜರ್ಕಿನ್ ಜಿಪ್ ಕುತ್ತಿಗೆಯವರೆಗೆ ಎಳೆದು ಡ್ರೋನ್ ಹಾರಿಸಿದ.

ಅತ್ತೆಯ ಕನ್ನಡಕ ಕಾರಿನಲ್ಲಿತ್ತು. ತರಲು ಹೋದೆ. ಕಾರಿನೊಳಗೆ ಕೂತು ಡ್ಯಾಶ್‌ಬೋರ್ಡಿನಲ್ಲಿ ಕೈಯಾಡಿಸುತ್ತಿದ್ದಾಗ ಬಿಸಿಲು ಮಬ್ಬಾಯಿತು. ಮೋಡ ಎಂದುಕೊಂಡೆ. ಮೋಡಕ್ಕೆ ಸದ್ದಿರುತ್ತದೆಯೇ?

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ, ನೋಡುತ್ತಲೇ ಇದ್ದೇನೆ. ಕುರ್ಚಿಗಳು ಉರುಳಿದವು. ಸೀರೆ, ಪಂಚೆ, ಟವೆಲ್ಲು, ಸಿಕ್ಕಿದ್ದನ್ನು ತಲೆಗೆ ಸುತ್ತಿಕೊಂಡು ಜನ ವ್ಯಾನುಗಳ ಕಡೆ ಓಡಿದರು. ಯಾರೋ ವಿನುತಾಳನ್ನು ಎಳೆದುಕೊಂಡು ಹೋದರು. ಮೈಕು ಅವಳ ಕೈಯಿಂದ ಬಿತ್ತು. ದೊಡ್ಡಪ್ಪ ಎಲ್ಲರಿಗಿಂತ ಮೊದಲು ವ್ಯಾನು ಸೇರಿ ಬಾಗಿಲು ಹಾಕಿಕೊಂಡರು. ಶಾಮಿಯಾನದ ಕೆಳಗೆ ಉಳಿದದ್ದು ಇಬ್ಬರೇ. ಓಡಲಾಗದ ಅತ್ತೆ. ಓಡದ ಜ್ಯೋತಿ.

ಅವಳು ಅತ್ತೆಯನ್ನು ಕುರ್ಚಿಯಿಂದ ಕೆಳಗಿಳಿಸಿ ಮಲಗಿಸಿದಳು. ಕೂರಲು ಹಾಸಿದ್ದ ಜಮಖಾನದ ತುದಿಯನ್ನು ಅತ್ತೆಯ ಮೇಲೆ ಎಳೆದಳು. ಅದು ಇಬ್ಬರಿಗೆ ಸಾಲಲಿಲ್ಲ. ಉಳಿದ ಕಡೆ ತಾನೇ ಅಡ್ಡ ಬಿದ್ದಳು. ಅವಳ ಬಿಳಿ ರವಿಕೆಯ ಬೆನ್ನು ನೋಡುತ್ತಿದ್ದ ಹಾಗೆ ಕಪ್ಪಾಯಿತು.

ಬಿದ್ದ ಮೈಕು ಆನ್ ಇತ್ತು. ಅವರಿಬ್ಬರ ಮಾತು ಸ್ಪೀಕರಿನಲ್ಲಿ ದಿಬ್ಬಕ್ಕೆಲ್ಲ ಕೇಳಿತು.

“ನೀ ಹೋಗೆ ಕೂಸೆ. ಎಂಗೆ ವಯಸ್ಸಾತು. ನೀ ಹೋಗೆ.”

“ಸುಮ್ನಿರಿ ಅತ್ತೆ. ಬಾಯಿ ಮುಚ್ಕಳಿ, ಒಳಗೆ ಹೋಗ್ತವೆ.”

ನಾನು ಕಾರನ್ನು ಹುಲ್ಲಿನ ಮೇಲೆ ಹಾಯಿಸಿ, ಕುರ್ಚಿಗಳ ಮೇಲೆ ಹತ್ತಿಸಿ, ಅವರ ಪಕ್ಕಕ್ಕೇ ತಂದು ನಿಲ್ಲಿಸಿದೆ. ಬಾಗಿಲು ತೆಗೆದೆ. ಇಬ್ಬರನ್ನೂ ಹೇಗೆ ಒಳಗೆಳೆದೆನೋ ಗೊತ್ತಿಲ್ಲ. ಜೇನೂ ಒಳಗೆ ಬಂತು. ಹಾಗೇ ತೀರ್ಥಹಳ್ಳಿಗೆ ಓಡಿಸಿದೆ. ದಾರಿಯಲ್ಲಿ ಜ್ಯೋತಿಯ ಮಾತು ನಿಂತಿತು. ಅತ್ತೆ ಅವಳ ಕೆನ್ನೆ ತಟ್ಟುತ್ತಲೇ ಇದ್ದರು.

ಇಬ್ಬರೂ ಬದುಕಿದರು. ಅತ್ತೆಗೆ ಕಚ್ಚಿದ್ದು ಕಡಿಮೆ. ಜ್ಯೋತಿಯ ಬಿಪಿ ಇಳಿದುಹೋಗಿ, ಆಕ್ಸಿಜನ್ ಹಾಕಿ, ಬೆನ್ನಿನಿಂದ ಮುಳ್ಳು ಕೀಳುವುದಕ್ಕೇ ಸಂಜೆಯಾಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು ಅಲ್ಲವೇ? ನಿಜವಾದ ಕಥೆ ಶುರುವಾದದ್ದೇ ಆಮೇಲೆ.

ಮಾರನೇ ದಿನ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪನ ವಾಯ್ಸ್ ಮೆಸೇಜ್ ಬಂತು. “ಎಂಗಳ ಚೌಡಿ ಜೇನು ಮನೆಯವ್ಕೆ ಯಾವತ್ತಾದ್ರೂ ಕಚ್ಚಿದ್ದಿದ್ದ? ಇಲ್ಲೆ. ಹೊರಗಿನದ್ದು ಬಂದು ಕೂತ್ರೆ ಹಿಂಗೇ ಆಗ್ತು. ಅದಕ್ಕೇ ಜಾಸ್ತಿ ಕಚ್ಚಿದ್ದು ಕಾಣ್ತಿಲ್ಯ?” (ನಮ್ಮ ಮನೆಮಾತಿನಲ್ಲಿ ಹೆಂಗಸರು ‘ಅದು’. ಆ ಜಗಳ ಬೇರೆ.)

ತರ್ಕ ನೋಡಿ. ಜೇನು ಮನೆಯವರಿಗೆ ಕಚ್ಚುವುದಿಲ್ಲ. ಈಗ ಕಚ್ಚಿದೆ. ಆದ್ದರಿಂದ ಮನೆಯವರಲ್ಲದವರು ಬಂದಿದ್ದರು. ಯಾರಿಗೆ ಹೆಚ್ಚು ಕಚ್ಚಿತೋ ಅವರೇ ತಪ್ಪಿತಸ್ಥರು! ಅತ್ತೆಯ ಮೇಲೆ ಬಿದ್ದು ಅವಳು ಹೊತ್ತುಕೊಂಡ ಒಂದೊಂದು ಮುಳ್ಳೂ ಅವಳ ವಿರುದ್ಧದ ಸಾಕ್ಷಿಯಾಯಿತು. ಡ್ರೋನಿನ ಸುದ್ದಿಯೇ ಇಲ್ಲ. ಅದರ ಕೆಳಗೆ ಕೈಮುಗಿದ ಇಮೋಜಿಗಳು ಸಾಲುಸಾಲಾಗಿ ಬಂದವು. ಹಾಕಿದವರೆಲ್ಲ ಸ್ಪೀಕರಿನಲ್ಲಿ ಆ ಮಾತು ಕೇಳಿದವರೇ.

ನಾನು ಫೋನ್ ಮಾಡಿದೆ. “ಹಂಗಾರೆ ದೊಡ್ಡಪ್ಪ, ಆ ಫೋಟೋದವಂಗೆ ಒಂದೂ ಕಚ್ಚಿದ್ದಿಲ್ಯಲ? ಅಂವ ಯಾವ ಮನೆಯಂವ?”

“ಅಂವ ಕೆಲ್ಸಕ್ಕೆ ಬಂದಂವ. ಲೆಕ್ಕಕ್ಕಿಲ್ಲೆ.” ಫೋನ್ ಇಟ್ಟರು.

ದೊಡ್ಡಪ್ಪ ಕೆಟ್ಟವರಲ್ಲ. ನನಗೆ ಕಾಲೇಜಿಗೆ ಸೀಟು ಸಿಕ್ಕಾಗ ಊರಿಗೆಲ್ಲ ಹೇಳಿಕೊಂಡು ಬಂದವರು. ಆದರೆ ಇನ್ನು ಹತ್ತಿಪ್ಪತ್ತು ವರ್ಷ ಹೋಗಲಿ. ನಮ್ಮ ಮೊಮ್ಮಕ್ಕಳು ಆ ಮರದ ಕೆಳಗೆ ಕೂತು ಏನು ಕೇಳುತ್ತಾರೆ? ಹೊರಗಿನವಳೊಬ್ಬಳು ಬಂದಳು, ಚೌಡಿ ಮುನಿದಳು, ಜೇನು ಅವಳನ್ನು ಅಟ್ಟಿತು. ಮನೆತನದ ಕಥೆ ಹುಟ್ಟುವುದನ್ನು ನಾನು ನನ್ನ ಮೊಬೈಲಿನಲ್ಲೇ ನೋಡಿದೆ. ಅದಕ್ಕೆ ಶತಮಾನ ಬೇಕಿಲ್ಲ. ಒಂದು ರಾತ್ರಿ ಸಾಕು.

ಆಸ್ಪತ್ರೆಯ ಬೆಂಚಿನ ಮೇಲೆ ಊದಿದ ಮುಖ ಹೊತ್ತು ಕೂತಿದ್ದ ವಿನುತಾ ಕೇಳಿದಳು: “ಅಕ್ಕಾ, ಆ ಹಳೇ ಕಥೆಯ ಶತ್ರುಗಳು ಯಾರಾಗಿಕ್ಕು?”

ಆಗ ನನಗೆ ಹೊಳೆಯಿತು. ಶತ್ರುಗಳೇ ಎಂದು ಹೇಳಿದವರು ಯಾರು? ಕಚ್ಚಿಸಿಕೊಂಡವರಂತೂ ಅಲ್ಲ.

“ಮೊದಲ ಅಧ್ಯಾಯ ಆನು ಮತ್ತೆ ಬರೀತಿ,” ಎಂದಳು. “ಯಾರು ಬೇಡ ಹೇಳಿದ್ರೂ ಬರೀತಿ.”

ಅತ್ತೆ ಮನೆಗೆ ಬಂದ ಮೇಲೆ ಗ್ರೂಪಿನ ಮೆಸೇಜನ್ನು ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿದರು. ಆಮೇಲೆ, “ಎನ್ನ ಮಾತನ್ನೂ ಅದಕ್ಕೆ ಹಾಕು” ಎಂದರು. ಹಾಕಿದೆ. ಅದು ಇಷ್ಟೇ:

“ಶೇಷಾ, ನೀ ಓಡಿದ್ದು ಆನು ಕಂಡಿದ್ದಿ. ತಪ್ಪಿಲ್ಲೆ, ಕಾಲಿದ್ದವ್ವು ಓಡ್ತ. ಆದ್ರೆ ಓಡಿದವ್ವು ಕಥೆ ಹೇಳಲಾಗ.”

ಓಡಿದವರು ಕಥೆ ಹೇಳಬಾರದು ಎಂಬ ಈ ಮಾತಿಗೆ ಮರುದಿನ ಬೆಳಿಗ್ಗೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು, ಅಷ್ಟೆ.

ಇದನ್ನು ಬರೆಯುವ ಮೊದಲು ಜ್ಯೋತಿಯನ್ನು ಕೇಳಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ.

“ಬರೀರಿ ಅಕ್ಕಾ. ಆದ್ರೆ ಸರಿಯಾಗಿ ಬರೀರಿ. ನನ್ನನ್ನ ದೇವಿಗೀವಿ ಮಾಡ್ಬೇಡಿ. ನಂಗೂ ಓಡ್ಬೇಕು ಅನ್ಸಿತ್ತು. ಅತ್ತೆ ಬಾಯಲ್ಲಿ ಹೋಗು ಹೋಗು ಅಂತಿದ್ರು, ಕೈಯಲ್ಲಿ ನನ್ನ ಸೆರಗು ಗಟ್ಟಿ ಹಿಡ್ಕಂಡಿದ್ರು. ಬಿಡಿಸ್ಕಳಕ್ಕೆ ಮನಸ್ಸು ಬರ್ಲಿಲ್ಲ.”

ಬರೆದಿದ್ದೇನೆ. ಅವಳು ಹೇಳಿದ ಹಾಗೇ ಬರೆದಿದ್ದೇನೆ. ಮುಂದಿನ ವರ್ಷ ಪೂಜೆಗೆ ಸೇರಿದಾಗ ಮೈಕು ಹಿಡಿದು ಓದಿಯೂ ಓದುತ್ತೇನೆ. ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂತಿರಲಿ.

ಎಂಬತ್ತರ ಮುದುಕಿಯ ಹಿಡಿತದಿಂದ ಸೆರಗು ಬಿಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಅಷ್ಟನ್ನೂ ಮಾಡದವಳು ಮನೆಯವಳಲ್ಲದಿದ್ದರೆ, ಮನೆಯವರು ಅಂದರೆ ಯಾರು ಸ್ವಾಮಿ?